ಜೈನಬಿ ಅಕ್ಕ ಹೇಳುತ್ತಿದ್ದ ‘ಆಮೇಲೆ’

ಮಧ್ಯಾಹ್ನ ಮೂರು ಹತ್ತಕ್ಕೆ ಜೈನಬಿ ಅಕ್ಕನ ಹೊಲಿಗೆ ಮಷಿನ್ ನಿಂತಿತು. ಅದು ಭಾನುವಾರ. ನಾನು ಗೋಡೆಯ ಈಚೆ ಕುಳಿತು ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ಆ ವಠಾರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೂರಿನ ತನಕ ಏರಿರಲಿಲ್ಲ. ಆ ಮಷಿನ್ನಿನ ಸದ್ದಿಗೆ ನನ್ನ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಅದು ನಡೆಯುವಾಗ ಕೇಳಿಸುತ್ತಲೇ ಇರಲಿಲ್ಲ. ನಿಂತರೆ ಮಾತ್ರ ಗೊತ್ತಾಗುತ್ತಿತ್ತು. ತಲೆ ಎತ್ತಿ ಗಡಿಯಾರ ನೋಡಿದೆ. ಅಷ್ಟರಲ್ಲಿ ಗೋಡೆಯ ಮೇಲಿನಿಂದ ಆಕೆಯ ದನಿ ಬಂತು.

“ಟೀಚರಮ್ಮ, ಖಾಜಾ ಬಂದಿಲ್ರಿ.”

ಹದಿನೈದು ವರ್ಷದ ಮಗ ಹತ್ತು ನಿಮಿಷ ತಡವಾದರೆ ಯಾವ ತಾಯಿಯೂ ಹಾಗೆ ಹೆದರುವುದಿಲ್ಲ. ಆದರೆ ಖಾಜಾ ಮೂರು ಗಂಟೆಗೆ ಬರುತ್ತೇನೆಂದರೆ ಮೂರಕ್ಕೆ ಬರುವವನು. ಬಾಗಿಲಿಗೆ ಬೇಗ ಬಂದುಬಿಟ್ಟರೆ ಮೂರಾಗುವ ತನಕ ಹೊರಗೇ ನಿಂತು ಒಳಗೆ ಕಾಲಿಡುವವನು. ನಾನು ಪೆನ್ನಿನ ಮುಚ್ಚಳ ಹಾಕದೆ ಹಾಗೇ ಎದ್ದೆ. ಆ ಮುಚ್ಚಳ ಇವತ್ತಿನವರೆಗೂ ಸಿಕ್ಕಿಲ್ಲ.

ಜೈನಬಿ ಅಕ್ಕನನ್ನು ನೆನೆದರೆ ಮೊದಲು ಕಿವಿಗೆ ಬೀಳುವುದು ಆಕೆಯ ಬಳೆಯ ಸದ್ದು. ಸ್ವಂತ ಮನೆಯೊಳಗೆ ಕಾಲಿಡುವಾಗಲೂ ಹೊಸ್ತಿಲಲ್ಲಿ ನಿಂತು ಕೈ ಕೊಡವಿ ಬಳೆ ಅಲ್ಲಾಡಿಸಿಯೇ ಒಳಗೆ ಹೋಗುತ್ತಿದ್ದಳು. ಮೊದಮೊದಲು ನನಗೆ ಅದು ಶೋಕಿಯಂತೆ ಕಂಡಿತ್ತು. ಆಮೇಲೆ ತಿಳಿಯಿತು, ಅದು ಒಳಗೆ ಕುಳಿತ ಮಗನಿಗೆ ‘ಬರುತ್ತಿದ್ದೇನೆ’ ಎಂದು ಹೇಳುವ ಬಗೆ. ಯಾರಾದರೂ ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಖಾಜಾ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ, ಒಮ್ಮೊಮ್ಮೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ.

“ಅವನಿಗೆ ಈ ಲೋಕ ತಟ್ಟಂತ ಮೈಮ್ಯಾಲೆ ಬೀಳಬಾರದ್ರಿ. ಬಾಗಿಲು ಬಡಿದು ಬರಬೇಕು,” ಎನ್ನುತ್ತಿದ್ದಳು.

ಆಕೆಯ ಗಂಡ ಲಾರಿ ಓಡಿಸುತ್ತಿದ್ದರು, ಮನೆಗೆ ಬರುವುದು ಅಪರೂಪ. ಹಾಗಾಗಿ ಲೋಕವನ್ನು ಬಾಗಿಲು ಬಡಿದು ಬರುವಂತೆ ಮಾಡುವ ಕೆಲಸ ಪೂರಾ ಆಕೆಯದೇ ಆಗಿತ್ತು. ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಮಗನನ್ನು ಮುಂದೆ ಕೂರಿಸಿಕೊಂಡು ಆ ದಿನವನ್ನು ಇಡಿಯಾಗಿ ಅವನಿಗೆ ಹೇಳುತ್ತಿದ್ದಳು. ತಮ್ಮ ಮನೆಯ ಉರ್ದುವಿನಲ್ಲಿ. ಚಾ ಕುಡಿಯುತ್ತೀ, ಉಸ್ಕೆ ಬಾದ್ ಸ್ನಾನ, ಉಸ್ಕೆ ಬಾದ್ ಶಾಲೆ, ಉಸ್ಕೆ ಬಾದ್ ಗ್ಯಾಸಿನವನು ಬರುತ್ತಾನೆ, ಸಿಲಿಂಡರ್ ಇಳಿಸುವಾಗ ದೊಡ್ಡ ಸದ್ದಾಗುತ್ತದೆ. ಗೋಡೆಯ ಈಚೆ ಕೇಳಿ ಕೇಳಿ ನನಗೆ ಬಂದ ಮೊದಲ ಉರ್ದು ಅದೇ: ಉಸ್ಕೆ ಬಾದ್. ಆಮೇಲೆ.

ಖಾಜಾನ ಪ್ರೀತಿಯೆಲ್ಲ ಬೀಗಗಳ ಮೇಲೆ. ನಾನು ವಠಾರಕ್ಕೆ ಬಂದ ದಿನವೇ ನನ್ನ ಬಾಗಿಲಿಗೆ ಬಂದ. ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ.

“ನಿಮ್ಮ ಬೀಗ ತೋರಸ್ರಿ.”

ತೋರಿಸಿದೆ. ತಿರುಗಿಸಿ ನೋಡಿ, ಕಿವಿಗೆ ಹಿಡಿದು ಅಲ್ಲಾಡಿಸಿ, “ಚಲೋ ಇಲ್ಲ. ಒಂದು ಮೊಳಿ ಸಾಕು, ತೆಗೀಬಹುದು,” ಎಂದು ಕೈಗಿಟ್ಟು ಹೋದ. ಆ ರಾತ್ರಿ ನಾನು ಬಾಗಿಲಿಗೆ ಟ್ರಂಕು ಅಡ್ಡ ಇಟ್ಟು ಮಲಗಿದೆ. ಬೆಳಿಗ್ಗೆ ಜೈನಬಿ ಅಕ್ಕನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು.

“ಹೆದರಬ್ಯಾಡ್ರಿ ಟೀಚರಮ್ಮ. ನಮ್ಮ ಖಾಜಾ ತೆಗದ್ರ ಮತ್ತ ಹಾಕೇ ಹಾಕತಾನ.”

ಬೀಗದ ಮಾತು ಬಂದರೆ ಅವನು ನಿಲ್ಲಿಸುತ್ತಿರಲಿಲ್ಲ. ಕೇಳುವವರು ಆಕಳಿಸಿದರೂ, ಎದ್ದು ನಿಂತರೂ, ನಡೆದು ಹೋದರೂ ಮಾತು ಅವರ ಹಿಂದೆಯೇ ಹೋಗುತ್ತಿತ್ತು. ಜನ ಬೇಸರಪಟ್ಟುಕೊಳ್ಳುವುದನ್ನು ನೋಡಿ ಆಕೆ ತಮ್ಮ ಉರ್ದುವಿನಲ್ಲೇ ಅವನಿಗೊಂದು ನಿಯಮ ಕಲಿಸಿದಳು: “ಕೇಳಿದ್ದಕ್ಕ ಕೇಳಿದಷ್ಟ ಹೇಳು. ಸುಳ್ಳು ಮಾತ್ರ ಹೇಳಬ್ಯಾಡ.” ಅದನ್ನು ಕಲಿಸಲು ಆಕೆಗೆ ವರ್ಷಗಳೇ ಹಿಡಿದಿದ್ದವು. ಅವನು ಕಲಿತ. ಆಕೆಗೆ ಹೆಮ್ಮೆಯಿತ್ತು.

ನೆಂಟರು ದಾರ ಕಟ್ಟಿಸಿದರು, ದರ್ಗಾಕ್ಕೆ ಕರೆದೊಯ್ದರು. “ಎಲ್ಲಾ ದರ್ಗಾ ಆತ್ರಿ, ಕೊಟ್ಟೂರ ಗುಡಿಗೂ ಹೋಗಿ ಬಂದಿವಿ,” ಎನ್ನುತ್ತಿದ್ದಳು ಸೂಜಿಗೆ ದಾರ ಪೋಣಿಸುತ್ತಾ. “ನಮ್ಮ ಮಾರಿ ನೋಡಿ ನೋಡಿ ದೇವರಿಗೂ ಸಾಕಾಗೈತಿ.”

ಪ್ರತಿ ಭಾನುವಾರ ಖಾಜಾ ಬಸ್ ನಿಲ್ದಾಣದ ಹತ್ತಿರ ಆಕೆಯ ತಮ್ಮ ನಡೆಸುತ್ತಿದ್ದ ಪಂಚರ್ ಅಂಗಡಿಗೆ ಹೋಗಿ ಕೂರುತ್ತಿದ್ದ. ಆ ಭಾನುವಾರ ನಾವಿಬ್ಬರೂ ಅಲ್ಲಿಗೆ ಹೋದರೆ ಅಂಗಡಿಗೆ ಬೀಗ. ಹತ್ತಿರದ ಹಳ್ಳಿ ತಂಬ್ರಹಳ್ಳಿಯ ಹೊಲದಲ್ಲಿ ಯಾರದೋ ಟ್ರ್ಯಾಕ್ಟರಿನ ಟೈರು ಒಡೆದಿದೆಯೆಂದು ಆಕೆಯ ತಮ್ಮ ಲೂನಾ ಮೊಪೆಡ್ ಹತ್ತಿ ಹೋಗಿದ್ದಾನೆ, ಹುಡುಗನನ್ನೂ ಹಿಂದೆ ಕೂರಿಸಿಕೊಂಡಿದ್ದ ಎಂದು ಪಕ್ಕದ ಚಹಾದಂಗಡಿಯವನು ಹೇಳಿದ.

“ಮುಂಜಾಲೆ ನಾ ಅದನ್ನ ಅವನಿಗೆ ಹೇಳಿಲ್ಲಲ್ಲ,” ಎಂದಳು ಜೈನಬಿ ಅಕ್ಕ.

ಆಗಲೇ ತಂಬ್ರಹಳ್ಳಿ ಕಡೆಯಿಂದ ಬಸಣ್ಣನ ಟ್ರ್ಯಾಕ್ಸ್ ಜೀಪು ಬಂದದ್ದು. ನಮ್ಮ ಓಣಿಯವನು, ಹಳ್ಳಿಗಳಿಗೆ ಜನರನ್ನು ಹೊತ್ತು ತಿರುಗುತ್ತಿದ್ದ. ಗಾಡಿ ನಿಲ್ಲುವ ಮೊದಲೇ ಕೂಗಿದ: “ಅಕ್ಕಾ, ಗಾಡಿ ಹತ್ತು! ಖಾಜಾನ್ನ ಹಿಡದು ಕಟ್ಟ್ಯಾರ.”

ದಾರಿಯುದ್ದಕ್ಕೂ ಅವನು ಹೇಳಿದ್ದು ನನ್ನ ತಲೆಯಲ್ಲಿ ಇವತ್ತಿಗೂ ತಾನಾಗಿಯೇ ಓಡುತ್ತದೆ. ಶೇಂಗಾ ಕೀಳುವ ಸುಗ್ಗಿ. ಊರವರೆಲ್ಲ ಹೊಲದಲ್ಲಿ, ಮನೆಗಳಿಗೆಲ್ಲ ಬೀಗ. ಆ ತಿಂಗಳು ಅಲ್ಲಿ ಕಳ್ಳತನಗಳಾಗಿದ್ದವು, ಜನ ಮೊದಲೇ ಬೆದರಿದ್ದರು. ಮಾವ ಇವನನ್ನು ಊರ ಕಟ್ಟೆಯ ಮೇಲೆ ಕೂರಿಸಿ, ಅರ್ಧ ತಾಸಿನಲ್ಲಿ ಬರುತ್ತೇನೆಂದು ಹೊಲಕ್ಕೆ ಹೋಗಿದ್ದಾನೆ. ಅರ್ಧ ತಾಸು ಮುಗಿದರೂ ಮಾವ ಬರಲಿಲ್ಲ. ಕೂರು ಎಂದ ಹೊತ್ತು ಮುಗಿಯಿತಲ್ಲ, ಖಾಜಾ ಎದ್ದ. ಎದುರಿಗೆ ಓಣಿಯುದ್ದಕ್ಕೂ ಬೀಗಗಳು.

“ನನ್ನ ಮುಂದ ಕೇಳಿದ್ರಕ್ಕಾ,” ಎಂದ ಬಸಣ್ಣ. “‘ಬೀಗ ಯಾಕ ಮುಟ್ಟಿದಿಲೇ?’ ಅಂದ್ರು. ‘ನೋಡಾಕ’ ಅಂದ. ‘ತೆಗಿಯಾಕ ಬರ್ತೈತೇನು?’ ‘ಬರ್ತೈತಿ.’ ‘ಎಲ್ಲಾ ಮನೀವೂ?’ ‘ಎರಡು ಮನೀವು ಬರಂಗಿಲ್ಲ.’ ‘ನಿನ್ನ ಜತಿ ಯಾರು ಬಂದಾರ?’ ‘ಮಾಮ.’ ‘ಎಲ್ಲಿ ಹೋಗ್ಯಾನ?’ ‘ಗೊತ್ತಿಲ್ಲ. ಬರ್ತೀನಂದ, ಬರಲಿಲ್ಲ.’ ಅಷ್ಟಕ್ಕ ಹಗ್ಗ ತಂದ್ರು. ನಮ್ಮೂರ ಹುಡುಗ ಅಂತ ನಾ ಅಂದೆ. ‘ಹಂಗಾದ್ರ ನೀನೂ ಪಾಲುದಾರ ಏನಲೇ?’ ಅಂತ ಮೈಮ್ಯಾಲೆ ಬಂದ್ರು. ಗಾಡಿ ತಿರುವಿಕೊಂಡು ಓಡಿ ಬಂದೆ.”

ಜೈನಬಿ ಅಕ್ಕ ತಾನು ಕಲಿಸಿದ ಒಂದೊಂದು ಮಾತೂ ಮಗನ ಮೈಮೇಲೆ ಏಟಾಗಿ ಬಿದ್ದದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ಊರು ಹತ್ತಿರವಾದಾಗ ನನ್ನ ಕೈ ಹಿಡಿದಳು.

“ಟೀಚರಮ್ಮ, ಅಲ್ಲಿ ಅಳಬ್ಯಾಡ್ರಿ. ಚೀರಬ್ಯಾಡ್ರಿ. ನಾವು ಅತ್ರ ಅವನ ಎದಿ ಒಡಿತೈತಿ.”

ಕಟ್ಟೆಯ ಬೇವಿನ ಮರಕ್ಕೆ ಕಟ್ಟಿದ್ದರು. ಅಂಗಿ ಹರಿದಿತ್ತು, ಕಿವಿಯ ಹಿಂದಿನಿಂದ ರಕ್ತ ಇಳಿದು ಕೊರಳಲ್ಲಿ ಒಣಗಿತ್ತು. ಕಣ್ಣು ಮುಚ್ಚಿಕೊಂಡು, ಮೈ ತೂಗುತ್ತಾ, ಮೋಟರು ಹೊರಡಿಸುವಂಥ ಒಂದೇ ಸ್ವರ ಹೊರಡಿಸುತ್ತಿದ್ದ. “ಕುಡದಾನ ನೋಡಲೇ,” ಎಂದ ಯಾರೋ. “ನಾಟಕ, ನಾಟಕ. ಇನ್ನೊಂದು ಬಿದ್ರ ಬಾಯಿ ಬಿಡತಾನ,” ಎಂದ ಇನ್ನೊಬ್ಬ. ಕೆಂಪು ಅಂಗಿಯ ಹುಡುಗನೊಬ್ಬ ಬಡಿಗೆ ಹಿಡಿದು ಮುಂದೆಯೇ ನಿಂತಿದ್ದ. ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಈಕೆ ಈಗ ಓಡಿಹೋಗಿ ಮಗನನ್ನು ತಬ್ಬುತ್ತಾಳೆ, ಎಲ್ಲರೂ ಸೇರಿ ಇಬ್ಬರನ್ನೂ ತುಳಿದುಬಿಡುತ್ತಾರೆ ಎಂದುಕೊಂಡೆ.

ಆಕೆ ಓಡಲಿಲ್ಲ. ಗುಂಪಿನ ಅಂಚಿನಲ್ಲಿ ನಿಂತು ಕೈ ಎತ್ತಿ ಬಳೆ ಅಲ್ಲಾಡಿಸಿದಳು. ಖಾಜಾನ ಸ್ವರ ನಿಂತಿತು, ಕಣ್ಣು ತೆರೆಯಿತು. ಆಕೆ ಜನರ ನಡುವೆ ಸಿಕ್ಕಷ್ಟು ಜಾಗದಲ್ಲಿ ಮುಂದೆ ಹೋಗಿ, ಅವನಿಗೆ ಕಾಣುವಂತೆ, ಮಣ್ಣಿನ ಮೇಲೆ ಕುಳಿತಳು. ಬೆಳಗಿನ ಹೊತ್ತು ಮನೆಯಲ್ಲಿ ಕೂರುವ ಹಾಗೆಯೇ.

“ಖಾಜಾ, ಅಮ್ಮ ಬಂದಾಳ. ಈಗ ಏನಾಗತೈತಿ, ಹೇಳತೀನಿ ಕೇಳು. ಮೊದಲ ಈ ಕೆಂಪು ಅಂಗಿ ಅಣ್ಣ ಬಡಿಗಿ ಕೆಳಗ ಇಡತಾನ.”

ಕೆಂಪು ಅಂಗಿಯವನು ಅತ್ತ ಇತ್ತ ನೋಡಿದ. ಆಕೆ ಅವನ ಕಡೆ ನೋಡಲೇ ಇಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದಳು. ಬಡಿಗೆ ನೆಲಕ್ಕೆ ಬಂತು.

“ಏ, ಯಾರಲೇ ಇಕಿ? ನಮಗ ಹುಕುಂ ಮಾಡಾಕ ಬಂದಾಳ!” ಎಂದು ಹಿಂದಿನಿಂದ ಒಬ್ಬ ಅಬ್ಬರಿಸಿದ.

“ಆ ಅಣ್ಣ ಜೋರಾಗಿ ಮಾತಾಡತಾನ,” ಎಂದಳು ಮಗನಿಗೆ. “ಆಮ್ಯಾಲೆ ಸುಮ್ಮನಾಗತಾನ.”

ಸುಮ್ಮನಾದ.

“ಆಮ್ಯಾಲೆ ಈ ಅಜ್ಜ ಹಗ್ಗ ಬಿಚ್ಚತಾನ. ಬಿಚ್ಚುವಾಗ ಅಜ್ಜನ ಕೈ ನಿನ್ನ ತೋಳಿಗೆ ತಾಕತೈತಿ. ಅವ ಹೊಡ್ಯಾಂಗಿಲ್ಲ.”

ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಎದ್ದರು. ಗಂಟು ಬಿಗಿದಿತ್ತು, ಬಿಡಿಸಲು ತಡವಾಯಿತು. ಆ ತಡದಲ್ಲಿ ನಾನು ಎಷ್ಟು ಸಲ ಸತ್ತೆನೋ ಗೊತ್ತಿಲ್ಲ. “ಆಮ್ಯಾಲೆ ಒಬ್ಬರು ನೀರು ತರತಾರ,” ಎಂದಳು. ಒಬ್ಬ ಹೆಂಗಸು ಚೊಂಬು ತಂದಳು. “ಆಮ್ಯಾಲೆ ನೀ ಎದ್ದು ನನ್ನ ಕಡೆ ನಡಕೊಂತ ಬರ್ತಿ. ಎಲ್ಲಾರೂ ದಾರಿ ಬಿಡತಾರ. ಯಾರೂ ಮುಟ್ಟಂಗಿಲ್ಲ.”

ದಾರಿ ಬಿಟ್ಟರು. ಅವನು ನಡೆದು ಬಂದ. ಆಕೆ ಎದ್ದಾಗ ನೋಡಿದೆ, ಎರಡೂ ಮುಷ್ಟಿಗಳಲ್ಲಿ ಬಿಗಿಹಿಡಿದ ಮಣ್ಣಿತ್ತು.

ಮಗನೊಡನೆ ಆಕೆ ಯಾವತ್ತೂ ಕನ್ನಡದಲ್ಲಿ ಮಾತಾಡಿದವಳಲ್ಲ. ಆ ‘ಆಮ್ಯಾಲೆ’ಗಳು ಯಾರಿಗಾಗಿ ಎಂಬುದು ನನಗೆ ಹೊಳೆದದ್ದು ಟ್ರ್ಯಾಕ್ಸ್ ಊರು ದಾಟಿದ ಮೇಲೆ. ಆಗ ಆಕೆಯ ಕೈ ಅದುರತೊಡಗಿತು. ಬಳೆಗಳು ಒಂದೇ ಸಮನೆ ಕಿಣಿಕಿಣಿ ಎನ್ನತೊಡಗಿದವು. ಖಾಜಾ ತಲೆ ಎತ್ತಿದ. ಆಕೆ ಇನ್ನೊಂದು ಕೈಯಿಂದ ಬಳೆಗಳನ್ನು ಅದುಮಿ ಹಿಡಿದು ಮನೆಯ ತನಕ ಬಂದಳು.

ಸಂಜೆ ತಮ್ಮ ಬಂದು ಕಾಲಿಗೆ ಬಿದ್ದು ಅತ್ತ. “ಟೈರ್ ಬಿಚ್ಚೂದು ತಡ ಆತಕ್ಕಾ.” ಆಕೆ ಬೈಯಲಿಲ್ಲ. “ಒಂದು ತಾಸು ಅಂದಿದ್ರ ಒಂದು ತಾಸು ಕುಂದರತಿದ್ದ,” ಎಂದಳು, ಅಷ್ಟೇ.

ನಿಜವಾದ ಹೆದರಿಕೆ ಅಲ್ಲಿಂದ ಮುಂದಿನದು. ಖಾಜಾ ಮಲಗುವುದನ್ನು ಬಿಟ್ಟ. ಗಾಯ ಮಾಗಿತು, ನಿದ್ದೆ ಬರಲಿಲ್ಲ. ಬೆಳಿಗ್ಗೆ ಆಕೆ ಹೇಳತೊಡಗಿದರೆ ನಡುವೆಯೇ ತಡೆದು ಒಂದೇ ಮಾತು ಕೇಳುತ್ತಿದ್ದ: ಅವರು ಹೊಡೆಯುತ್ತಾರೆಂದು ಅವತ್ತು ನೀನು ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ಗೋಡೆಯ ಈಚೆ ನಾನು ಕೇಳುತ್ತಾ ಕೂರುತ್ತಿದ್ದೆ. ಹದಿನೈದು ವರ್ಷ ಕಟ್ಟಿದ ನಂಬಿಕೆ ಅದು. ಅದೂ ಹೋದರೆ ಆ ಹುಡುಗನನ್ನು ಈ ಲೋಕಕ್ಕೆ ಕಟ್ಟಿಡುವ ಬೇರೊಂದು ದಾರ ಇರಲಿಲ್ಲ. ಅವನು ಮಲಗದಿದ್ದರೆ ಆಕೆಯೂ ಮಲಗುತ್ತಿರಲಿಲ್ಲ. ಬಿಳಿಚಿಕೊಂಡಳು. ಹೊಲಿದ ರವಿಕೆಗಳ ತೋಳು ಹಿಂದುಮುಂದಾಗತೊಡಗಿದವು.

ಒಂದು ದಿನ ನನ್ನ ಬಾಗಿಲಿಗೆ ಬಂದಳು.

“ಟೀಚರಮ್ಮ, ಒಂದು ಕೆಲಸ ಮಾಡ್ರಿ. ನಮ್ಮ ಮನಿಗೆ ಹೇಳದ ಬರ್ರಿ.”

“ಯಾವಾಗ ಬರಲಿ?”

“ಅಯ್ಯ, ನನಗ ಹೇಳಬ್ಯಾಡ್ರಿ! ನನಗೂ ಗೊತ್ತಿರಬಾರದು. ಬರುವಾಗ ಏನರ ಚಲೋದು ತರ್ರಿ, ಅಷ್ಟ.”

ಬೆಳಗಿನ ಪಾಠಕ್ಕೆ ಆಕೆ ಕೊನೆಯಲ್ಲೊಂದು ಮಾತು ಸೇರಿಸಿದ್ದಳು: ಉಸ್ಕೆ ಬಾದ್ ಏಕ್ ಚೀಜ್, ಮಾಲೂಮ್ ನೈ. ಆಮೇಲೆ ಒಂದು ಬರುತ್ತದೆ, ಏನೆಂದು ನನಗೂ ಗೊತ್ತಿಲ್ಲ. ಅದು ಎಷ್ಟು ಗಂಟೆಗೆ ಎಂದು ಅವನು ಕೂಗಾಡಿದ. ಗೊತ್ತಿಲ್ಲ ಎಂದಳು. ನಾನು ಕುದಿಸಿದ ಶೇಂಗಾ ಹಿಡಿದು ಮೊದಲ ಸಲ ಹೋದಾಗ ಅವನು ಮಷಿನ್ನಿನ ಹಿಂದೆ ಅವಿತು ಕಿವಿ ಮುಚ್ಚಿಕೊಂಡ. ತಟ್ಟೆಯನ್ನು ನೆಲಕ್ಕಿಟ್ಟು ಓಡಿ ಬಂದೆ. ಮುಂದೊಂದು ದಿನ ಸೀಬೆಹಣ್ಣು. ಮತ್ತೊಂದು ದಿನ ಬಸಣ್ಣ ಬೀಗದ ಕೈ ಕಳೆದುಹೋದ ಹಳೆಯ ಬೀಗ ತಂದ. ಅವತ್ತು ಖಾಜಾ ಮಷಿನ್ನಿನ ಹಿಂದಿನಿಂದ ಕೈ ಚಾಚಿದ. ತಂಬ್ರಹಳ್ಳಿಯ ನಂತರ ಅವನು ಮುಟ್ಟಿದ ಮೊದಲ ಬೀಗ ಅದು. ಕ್ರಮೇಣ ಅವನೇ ಕೇಳತೊಡಗಿದ: “ಇವತ್ತಿನ ಗೊತ್ತಿಲ್ಲದ್ದು ಇನ್ನೂ ಬಂದಿಲ್ಲಲ್ಲ?”

ಮುಂದೆ ಅವರು ಹರಪನಹಳ್ಳಿಗೆ ಮನೆ ಬದಲಿಸಿದರು. ದಾವಣಗೆರೆಯ ಡಾಕ್ಟರಮ್ಮ ಒಬ್ಬರು ಖಾಜಾನ ಸ್ವಭಾವಕ್ಕೆ ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಎಂಬ ಹೆಸರಿದೆ ಎಂದಾಗ ಅವನಿಗೆ ಇಪ್ಪತ್ತು ದಾಟಿತ್ತು, ಕಬ್ಬಿಣದ ಬೀರು ಮಾಡುವ ಅಂಗಡಿಯಲ್ಲಿ ಬೀಗ ಕೂರಿಸುತ್ತಿದ್ದ. “ಹೆಸರು ಇಡಾಕ ಭಾಳ ತಡ ಮಾಡ್ಯಾರ್ರಿ. ನಾವು ಆಗ್ಲೇ ಖಾಜಾ ಅಂತ ಇಟ್ಟೀವಿ,” ಎಂದು ಜೈನಬಿ ಅಕ್ಕ ನಕ್ಕಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ. ಹಾಸಿಗೆ ಹಿಡಿದಿದ್ದಳು, ಕೈ ಸೊರಗಿ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

“ಅವನಿಗೆ ಎಲ್ಲಾ ಹೇಳೀನ್ರಿ. ಆಮ್ಯಾಲೆ ಅಮ್ಮ ಇರಂಗಿಲ್ಲ ಅಂತನೂ ಹೇಳೀನಿ. ‘ಎಷ್ಟೊತ್ತಿಗೆ?’ ಅಂತ ಕೇಳಿದ. ಗೊತ್ತಿಲ್ಲಪ್ಪಾ ಅಂದೆ. ‘ಹೂಂ’ ಅಂದ.”

ಆಕೆ ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಈಗಲೂ ಯಾವುದಾದರೂ ಓಣಿಯಲ್ಲಿ ನಾಲ್ಕು ಜನ ಗುಂಪುಗೂಡಿ ದನಿ ಏರಿಸಿದರೆ ಬೇವಿನ ಮರ ಕಣ್ಣ ಮುಂದೆ ಬರುತ್ತದೆ. ಆಗೆಲ್ಲ ಬೇಕೆಂದೇ ಹಗರಿಬೊಮ್ಮನಹಳ್ಳಿಯಲ್ಲಿ ಖಾಜಾ ನಿದ್ದೆ ಬಿಟ್ಟಿದ್ದ ದಿನಗಳ ಒಂದು ಬೆಳಗನ್ನು ನೆನೆಯುತ್ತೇನೆ.

ಅವತ್ತು ಎಚ್ಚರವಾದಾಗ ಬಿಸಿಲು ಗೋಡೆ ಏರಿತ್ತು. ಪೊರಕೆಯ ಸದ್ದಿರಲಿಲ್ಲ. ಬಳೆಯ ಸದ್ದಿರಲಿಲ್ಲ. ಗೋಡೆಯ ಆಚೆ ಉಸ್ಕೆ ಬಾದ್ ಇರಲಿಲ್ಲ. ಏನೋ ಆಗಬಾರದ್ದು ಆಗಿಹೋಗಿದೆ ಎಂದು ಬರಿಗಾಲಲ್ಲಿ ಓಡಿದೆ. ಅಂಗಳ ಗುಡಿಸಿರಲಿಲ್ಲ. ಬಾಗಿಲು ಮುಚ್ಚಿತ್ತು. ಕಿಟಕಿಯಿಂದ ಇಣುಕಿದೆ.

ಖಾಜಾ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದ, ಬಸಣ್ಣನ ಬೀಗ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಮಷಿನ್ನಿನ ಕಾಲಿಗೆ ತಲೆ ಆನಿಸಿ, ಬಾಯಿ ತೆರೆದು, ಜೈನಬಿ ಅಕ್ಕ ಗೊರಕೆ ಹೊಡೆಯುತ್ತಿದ್ದಳು. ರಾತ್ರಿ ಆರಿಸಲು ಮರೆತ ಬಲ್ಬು ಆ ಬಿಸಿಲಿನಲ್ಲೂ ಉರಿಯುತ್ತಿತ್ತು.

ಹಾಲಿನವನು ಸೈಕಲ್ ಗಂಟೆ ಬಾರಿಸುತ್ತಾ ವಠಾರದೊಳಗೆ ಬಂದ. ಎರಡೂ ಕೈ ಎತ್ತಿ ಅವನನ್ನು ತಡೆದೆ. ಆಮೇಲೆ ಅವರ ಹೊಸ್ತಿಲಿಗೆ ಅಡ್ಡಲಾಗಿ ಕುಳಿತೆ. ಅವತ್ತು ಹೇಳದೆ ಯಾರೂ ಒಳಗೆ ಹೋಗಲಿಲ್ಲ.