ಪತ್ತೇದಾರಿ ಬರೆದೋರ ಪತ್ತೆ

ಇವತ್ತು ಬೆಳಿಗ್ಗೆ ನನ್ನ ಬಿಳಿ ಅಂಗಿಗೆ ಸೋಪು ಹಚ್ಚಿದೆ ನೋಡಿ, ಅಂಗಿ ಕೆಂಪಗಾಗೋಯ್ತು. ಚಾಮರಾಜನಗರದ ಅರಿಶಿನ ಮಂಡಿಗೆ ಬಿಳಿ ಅಂಗಿ ಹಾಕ್ಕೊಂಡು ಕೆಲಸಕ್ಕೆ ಹೋಗೋ ಮಹಾನುಭಾವ ಇಡೀ ಜಿಲ್ಲೇಲಿ ನಾನೊಬ್ನೇ ಇರ್ಬೇಕು. ಅರಿಶಿನದ ಕಲೆಗೆ ಸೋಪು ತಾಗಿದ್ರೆ ಕೆಂಪಗಾಗುತ್ತೆ ಅಂತ ನಮ್ಮ ಕಡೆ ಅಂಬೆಗಾಲಿಡೋ ಮಗೂಗೂ ಗೊತ್ತು. ನಂಗೂ ಗೊತ್ತು. ಆದ್ರೂ ಮರೀತೀನಿ. ಅವ್ವ ಬಾಗ್ಲಿಂದ ಇಣುಕಿ, "ಯಾರ್ನಲಾ ಕುಯ್ದ್ಬುಟ್ಟು ಬಂದೆ?" ಅಂದ್ಲು. ಬೇರೆ ದಿನ ಆಗಿದ್ರೆ "ನಿನ್ ತಮ್ಮನ್ನೇ ಕಣವ್ವ" ಅಂತಿದ್ದೆ. ಇವತ್ತು ಗುಂಡ್ಲುಪೇಟೆ ಅಜ್ಜಿ ನೆನಪಾಗಿ ಅಂಗೀನ ಬಕೆಟ್ಟಲ್ಲೇ ಬುಟ್ಬುಟ್ಟೆ.

ಅಜ್ಜಿ ವಿಷ್ಯಕ್ಕೆ ಮುಂಚೆ ನನ್ನ ಪಾಂಡಿತ್ಯದ ಬಗ್ಗೆ ಒಂದ್ಮಾತು ಹೇಳ್ಬುಡ್ತೀನಿ. ಸ್ಕೂಲಲ್ಲಿದ್ದಾಗ ನನ್ನ ಲೆಕ್ಕದಲ್ಲಿ ಪುಸ್ತಕಗಳು ಎರಡೇ ಜಾತಿ: ಓದದೇ ಇದ್ರೆ ಒದೆ ಬೀಳೋವು, ಓದಿದ್ರೆ ಒದೆ ಬೀಳೋವು. ಇನ್ನು ಬರೆಯೋರು ಅಂದ್ರೆ ಸತ್ತೋರು. ಪಾಠದ ಕೊನೇಲಿ ಇವರು ಹುಟ್ಟಿದ್ದು ಇಂಥಾ ವರ್ಷ, ತೀರ್ಕೊಂಡಿದ್ದು ಇಂಥಾ ವರ್ಷ ಅಂತ ಇರ್ತಿತ್ತಲ್ಲ, ಅದನ್ನ ನೋಡಿ ನೋಡಿ, ಬರೆಯೋದು ಸತ್ತ ಮೇಲೆ ಮಾಡೋ ಕೆಲಸ ಅಂತಲೇ ನಂಬ್ಕೊಂಡಿದ್ದೆ.

ಆ ನಂಬಿಕೆ ಕೆಟ್ಟಿದ್ದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ. ನಮ್ಮೂರು ಹಂಗಳದ ಬಸ್ಸಿಗೆ ಕಾಯ್ತಾ, ಟಾರ್ಪಾಲು ಹಾಸಿ ಹಳೇ ಪುಸ್ತಕ ಮಾರೋನ ಮುಂದೆ ಕೂತ್ಕೊಳೋದು ಅಭ್ಯಾಸ ಆಯ್ತು. ನನ್ನ ರೋಗ ಏನಂದ್ರೆ, ಓದಿದ್ದೇ ಆಗೋಗ್ತೀನಿ. ದೆವ್ವದ ಕತೆ ಓದಿದ ವಾರ, ಹಿತ್ಲಿಗೆ ಹೋಗ್ಬೇಕಾದ್ರೂ ಅವ್ವನ್ನ ಜೊತೇಗ್ ಕರೀತಿದ್ದೆ. ಪ್ರೇಮದ ಕಾದಂಬರಿ ಓದಿ ಬಿರು ಬಿಸಿಲಲ್ಲಿ ಶಾಲು ಹೊದ್ಕೊಂಡು ತಿರುಗ್ದೆ. ಅಡಿಗೆ ಪುಸ್ತಕ ಓದಿದ ದಿನ ಏನಾಯ್ತು ಅಂತ ಕೇಳ್ಬೇಡಿ, ಆ ಪಾತ್ರೇನ ಅವ್ವ ಈಗ ಕೋಳಿಗೆ ನೀರಿಡೋಕೆ ಇಟ್ಕೊಂಡವಳೆ. ಪತ್ತೇದಾರಿ ಶುರು ಮಾಡಿದ್ಮೇಲೆ ಸೋದರಮಾವನ್ನ ಹಿಂಬಾಲಿಸಿ, ಸಕ್ಕರೆ ಕಾಯಿಲೆ ಇದ್ರೂ ಕದ್ದು ಜಿಲೇಬಿ ತಿನ್ನೋದನ್ನ ಪತ್ತೆಹಚ್ಚಿ ಅತ್ತೆಗೆ ವರದಿ ಒಪ್ಪಿಸ್ದೆ. ಮಾವ ಇನ್ನೂ ಮಾತಾಡ್ಸಲ್ಲ.

ಅಂಥಾ ಒಂದು ಪತ್ತೇದಾರಿ ಕಾದಂಬರಿ ಒಳಗೆ, ಬರೆದೋರ ಹೆಸರಿನ ಕೆಳಗೆ 'ಗುಂಡ್ಲುಪೇಟೆ' ಅಂತ ಅಚ್ಚಾಗಿತ್ತು. ಸತ್ತ ವರ್ಷ ಇರ್ಲಿಲ್ಲ! ಬದುಕಿರೋ ಸಾಹಿತಿ, ಅದೂ ನಮ್ಮ ತಾಲ್ಲೂಕಲ್ಲಿ! ಕೇಳ್ಕೊಂಡು ಕೇಳ್ಕೊಂಡು ಮನೆ ಹುಡುಕ್ದೆ. ಜಗಲಿ ಮೇಲೆ ಕಣ್ಣು ಕಾಣದ ಅಜ್ಜಿಯೊಬ್ರು ಕೂತಿದ್ರು. "ಅವ್ರು ತೀರ್ಕಂಡು ಬಾಳ ವರ್ಸ ಆಯ್ತಲ್ಲಪ್ಪ" ಅಂದ್ರು.

ನೋಡಿದ್ರಾ? ನನ್ನ ಸಿದ್ಧಾಂತವೇ ಸರಿ.

ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೋಗೋನಲ್ಲ ನಾನು. "ನಿಮ್ಮ ಯಜಮಾನ್ರು ಏನ್ ಬರ್ದವ್ರೆ ಅಜ್ಜಿ!" ಅಂತ ಹೊಗಳಿದ್ದೇ ಹೊಗಳಿದ್ದು. ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕುಬುಟ್ರು.

"ಬರ್ದಿದ್ ನಾನು ಕಣಪ್ಪ. ಎಂಗಸ್ರು ಬರ್ದ ಕೊಲೆ ಕತೇನ ಯಾರ್ ಓದರು ಅಂತ ಅವ್ರ್ ಎಸ್ರು ಆಕುಸ್ದೊ. ಕೊನೇದೊಂದ ಅವ್ರೇ ಬೆಂಗ್ಳೂರ್ಗೆ ತಕ್ಕೊಂಡೋಗಿದ್ರು. ಪ್ರೆಸ್ಸಿನೋರು ಬ್ಯಾಡ ಅಂದ್ಬುಟ್ರಂತೆ. ಚೆಂದಾಗಿಲ್ವಂತೆ. ಆಮ್ಯಾಕೆ ನಾನ್ ಪೆನ್ನೇ ಮುಟ್ನಿಲ್ಲ."

"ಏನ್ ಕತೆ ಅಜ್ಜಿ ಅದು?"

"ಎಂಡ್ತೀನ ಗಂಡನೇ ಸಾಯ್ಸಿರ್ತಾನೆ. ಮನೆಕೆಲ್ಸದ ಕೆಂಪಿ ಮ್ಯಾಲೆ ಎಲ್ರಿಗೂ ಅನ್ಮಾನ."

ನಾನು ಎದ್ದು ಕುಣಿದ ರಭಸಕ್ಕೆ ತೊಲೆ ತಲೆಗೆ ಬಡೀತು. ಕೆಂಪಿ! ಊರ ಹೆಸರು ನೋಡಿ ನಾನು ಹುಡುಕ್ಕೊಂಡು ಬಂದಿದ್ದ, ಚೀಲದಲ್ಲಿ ಅರ್ಧ ಓದಿಟ್ಟಿದ್ದ ಪುಸ್ತಕ ಅದೇ! "ಅಚ್ಚಾಗದೆ ಅಜ್ಜಿ! ಇಲ್ಲೇ ಅದೆ!" ಅಂತ ಅವರ ತೊಡೆ ಮೇಲಿಟ್ಟೆ. ಸ್ವರ್ಗಾನೇ ತಂದ್ಕೊಟ್ಟೋನ ಥರ ಎದೆ ಉಬ್ಬಿಸ್ಕೊಂಡು ನಿಂತಿದ್ದೆ, ಪೆದ್ದ. ಅಜ್ಜಿ ಪುಸ್ತಕಾನ ಸವರಿದ್ರು, ಮೂಸಿದ್ರು. "ಅಚ್ಚಾಗಿದ್ದ ಅವ್ರು ನಂಗೆ ಏಳ್ನೇ ಇಲ್ಲ" ಅಂದ್ರು. ಆಮೇಲೆ, "ಓದು ಮಗ."

ಭಾನುವಾರ ಭಾನುವಾರ ಹೋಗಿ ಓದ್ದೆ. ಕೊಲೆಗಾರನಿಗೊಂದು ದನಿ, ಇನ್ಸ್‌ಪೆಕ್ಟರಿಗೊಂದು ದನಿ. ಕೆಂಪಿಗೆ ಹೆಣ್ಣು ದನಿ ತೆಗೆದ್ರೆ ಪಕ್ಕದ ಮನೆ ನಾಯಿ ಬೊಗಳ್ತಿತ್ತು. ಅಜ್ಜಿ ನಗೋರು, ಮುಂದಿನ ಸಾಲು ನನಗಿಂತ ಮುಂಚೆ ತಾವೇ ಹೇಳೋರು. ಕೊನೇ ಅಧ್ಯಾಯದಲ್ಲಿ ಮಾತ್ರ ಹೇಳ್ಲಿಲ್ಲ. ಅಲ್ಲಿ ಕೆಂಪಿ ಸೆರಗಲ್ಲಿ ರಕ್ತ ಸಿಗುತ್ತೆ, ಪೊಲೀಸ್ನೋರು ಎಳ್ಕೊಂಡು ಹೋಗ್ತಾರೆ, ಗಂಡ ದೇವರಂಥೋನು ಅಂತ ಸಾಬೀತಾಗುತ್ತೆ.

"ಅದು ರಕ್ತ ಅಲ್ಲ ಕಣಪ್ಪ," ಅಂದ್ರು ಅಜ್ಜಿ. "ಅರಿಸ್ನದ್ ಕಲೆಗೆ ಸೋಪ್ ಆಕವ್ಳೆ, ಅಷ್ಟೇಯ. ಅದ್ರಿಂದ್ಲೇ ಅವ್ಳು ಬಚಾವಾಗಾದು. ನಾನು ಅಂಗೇ ಬರ್ದಿದ್ದಿ."

"ಪ್ರೆಸ್ಸಿನೋರು ಬದಲಾಯ್ಸಿರ್ಬೈದು ಬುಡಿ ಅಜ್ಜಿ."

"ಇನ್ಸ್‌ಪೆಕ್ಟ್ರು ಏನಂದ, ಇನ್ನೊಂದ್ಸಲ ಓದು."

"'ಸಂಸಾರ ಅಂದ ಮೇಲೆ ಒಂದು ಮರ್ಯಾದೆ ಬೇಡವೇ?'"

"ಅದು ನಮ್ಮನೆಯೋರ ಮಾತು," ಅಂದ್ರು. "ದಿನಾ ಅನ್ನೋರು. ಉಣ್ಣಕ್ ಕೂತಾಗ್ಲೂ ಅನ್ನೋರು."

ನನ್ನ ಹತ್ರ ಎಲ್ಲಕ್ಕೂ ಒಂದು ಜೋಕು ಇರ್ತದೆ. ಅವತ್ತು ಮಾತ್ರ ಅಡ್ಡಾದಿಡ್ಡಿ ಏನೇನೋ ಬಡಬಡಿಸ್ದೆ. "ನೀವ್ ಕತೆ ಏಳಿ ಅಜ್ಜಿ, ನಾನ್ ಬರ್ಕತೀನಿ. ಕೆಂಪೀನ ಬುಡುಸ್ಕೊಂಡ್ ಬರನ. ನಿಮ್ಮೆಸ್ರಲ್ಲೇ ಆಕ್ಸನ."

"ಆ ಎಸ್ರಲ್ಲಿ ಯಾರೂ ಏನೂ ಬರ್ದಿಲ್ವಲ್ಲ ಮಗ," ಅಂದ್ರು. ಕೋಪ ಇರ್ಲಿಲ್ಲ. ಅದಿದ್ದಿದ್ರೆ ನಾನು ತಡ್ಕೊತಿದ್ದೆ.

ಇವತ್ತೂ ಭಾನುವಾರ. ಅವ್ವನ ಕೈಗೆ ಬಕೆಟ್ ಕೊಟ್ಟು ಬಸ್ ಹತ್ತಿದೀನಿ. ಬೇರೆ ಪುಸ್ತಕ ತತ್ತೀನಿ ಅಂದ್ರೆ ಅಜ್ಜಿ ಬ್ಯಾಡ ಅಂತಾರೆ. ಅದನ್ನೇ ಮೊದಲಿಂದ ಓದ್ಬೇಕು, ಒಂದು ಜಾಗಕ್ಕೆ ಬಂದಾಗ "ಸಾಕು" ಅಂತಾರೆ. ಆ ಪುಟದಲ್ಲಿ ಕೆಂಪಿ ಒಳಗೆ ರಾಗಿ ಬೀಸ್ತಾ ಕೂತಿರ್ತಾಳೆ, ಪೊಲೀಸ್ನೋರು ಇನ್ನೂ ಬಂದಿರಲ್ಲ. ಜಗಲೀಲಿ ಗಾಳಿ ಜಾಸ್ತಿ. ಪುಟ ತಿರುಗ್ದೇ ಇರ್ಲಿ ಅಂತ ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕೊಂಡು ಕೂತಿರ್ತೀನಿ. ಅಜ್ಜಿಗೆ ಕಾಣಲ್ಲ. ಮುಂದಿನ ಪುಟದಲ್ಲಿ ಏನೈತೆ ಅಂತ ನಮ್ಮಿಬ್ರಿಗೂ ಗೊತ್ತು.