ಮೂರನೇ ಬಾಗಿಲಿನಾಚೆಯ ಮನೆ

ಮಣ್ಣಗುಡ್ಡದ ಹಳೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ವಿಡಿಯೋ ಗೇಮ್ ತಯಾರಿಸುವ ಸಣ್ಣ ಕಂಪೆನಿಯೊಂದಿತ್ತು. ಲವಿನಾ ಅಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತ್ತು. ಅಷ್ಟು ಕಾಲವೂ ಬರೆದದ್ದು ಅದೇ ಕೋಟೆ, ಅದೇ ಪಾಳುಬಿದ್ದ ಪೇಟೆ, ಅದೇ ಬಂದೂಕು. ಈಚೆಗೆ ಚೆನ್ನಾಗಿ ಓಡಿದ್ದರ ಹಾಗೆಯೇ ಇನ್ನೊಂದು ಮಾಡಿಕೊಡಿ ಎಂದು ಹೊರದೇಶದ ಗಿರಾಕಿಗಳು ಕೇಳುತ್ತಿದ್ದರು, ಇವರು ಮಾಡಿಕೊಡುತ್ತಿದ್ದರು. ಹಿಂದಿನ ಗೇಮುಗಳಲ್ಲಿ ತಲೆ ಇತ್ತು, ಈಗಿನದರಲ್ಲಿ ಬರೀ ಬಣ್ಣ ಎಂದು ಪಕ್ಕದ ಮೇಜಿನ ದೀಕ್ಷಿತ್ ಸದಾ ಗೊಣಗುತ್ತಿದ್ದ.

ಕಳೆದ ವರ್ಷ ಮಾಲೀಕ ಸುಜಿತ್, ನಮ್ಮದೇ ಆದ ಗೇಮ್ ಒಂದನ್ನು ಮಾಡುವ ಎಂದು ಹೊರಟಾಗ ಲವಿನಾ ಒಂದು ಕಪ್ಪು ಮನೆ ಬರೆದಳು. ಒಳಗೆ ಹೊಕ್ಕವನಿಗೆ ಏನೂ ಕಾಣುವುದಿಲ್ಲ, ತಡಕಾಡುತ್ತಾ ನಡೆಯಬೇಕು. ಆಗಾಗ ಎಲ್ಲಿಂದಲೋ ಕೆಂಪು ಬೆಳಕು ಏರಿ ಇಳಿಯುತ್ತದೆ. ಆ ಕ್ಷಣದಲ್ಲಿ ಬಾಗಿಲ ಬಳಿ ಯಾರೋ ನಿಂತಂತೆ ಕಾಣುತ್ತದೆ. ಬೆಳಕು ಆರಿದ ಮೇಲೆ ಅವರು ಹತ್ತಿರ ಬಂದರೋ, ಅಲ್ಲೇ ಇದ್ದಾರೋ ತಿಳಿಯದು. ಆಡಿ ನೋಡಿದ ದೀಕ್ಷಿತ್ ಹೆಡ್‌ಫೋನ್ ತೆಗೆದಿಟ್ಟು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಇಂಥದ್ದನ್ನು ಎಲ್ಲಿಯೂ ಕಂಡಿಲ್ಲ ಎಂದ. ಇದು ಪೂರಾ ಸ್ವಂತದ್ದು ಎಂದು ಸುಜಿತ್ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಆ ಮಾತು ಕೇಳಿದಂದಿನಿಂದ ಲವಿನಾಳಿಗೆ ಊಟ ಸೇರಲಿಲ್ಲ. ಆ ಮನೆಯನ್ನು ಅವಳು ಮೊದಲೇ ಕಂಡಿದ್ದಳು. ಬರೆಯುವಾಗ ಇಲ್ಲದ ನೆನಪು ಈಗ ಎದ್ದು ಬಂದಿತ್ತು. ಚಿಕ್ಕಂದಿನ ಕಾಟಿಪಳ್ಳದ ಮನೆಯಲ್ಲಿ, ಅಪ್ಪ ಮೊರಿಸ್ ಕುವೈತಿನಿಂದ ತಂದ ಟಿ.ವಿ. ಗೇಮ್, ಅದಕ್ಕೆ ಹಾಕಲು ಹಂಪನಕಟ್ಟೆಯ ಅಂಗಡಿಯಲ್ಲಿ ಕೊಂಡ, ಲೇಬಲ್ ಕಿತ್ತುಹೋದ ಕ್ಯಾಸೆಟ್. ಪುಟ್ಟ ಸಿಪಾಯಿಯೊಬ್ಬ ಬಾಗಿಲುಗಳನ್ನು ದಾಟುತ್ತಾ ಹೋಗುವ ಆಟ. ಮೂರನೇ ಬಾಗಿಲು ದಾಟಿದರೆ ಆ ಕಪ್ಪು ಮನೆ. ಅವಳೂ ತಮ್ಮ ಲಯನೆಲನೂ ಎಷ್ಟೋ ಸಂಜೆ ಒಬ್ಬರನ್ನೊಬ್ಬರು ಅಂಟಿಕೊಂಡು ಅದರೊಳಗೆ ಅಲೆದಿದ್ದರು.

ಹಾಗಾದರೆ ತಾನು ಕದ್ದಿದ್ದೇನೆ ಎನಿಸಿತು. ಗೇಮ್ ಬಿಡುಗಡೆಯಾದ ಕೂಡಲೇ ಯಾರೋ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಊರಿಗೆಲ್ಲ ತೋರಿಸುತ್ತಾರೆ. ಆಫೀಸಿನಲ್ಲಿ ಫೋನ್ ಬಂದರೆ ಅವಳು ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸುಜಿತ್ ತನ್ನ ಕಡೆ ನೋಡಿದರೆ, ಗೊತ್ತಾಯಿತೇನೋ ಎಂದು ಬೆವರುತ್ತಿದ್ದಳು. ಕೊನೆಗೆ ತಡೆಯಲಾಗದೆ ದೋಹಾದಲ್ಲಿದ್ದ ಲಯನೆಲನಿಗೆ ವಿಷಯ ಹೇಳಿದಳು. ಆ ಮನೆ ಅವನಿಗೂ ನೆನಪಿತ್ತು. ಅವನು ಹುಡುಕಿ ಹುಡುಕಿ ಆ ಸಿಪಾಯಿಯ ಆಟವನ್ನು ಇಂಟರ್ನೆಟ್ಟಿನಲ್ಲಿ ಪತ್ತೆಮಾಡಿದ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಲವಿನಾ ಕಾಟಿಪಳ್ಳಕ್ಕೆ ಹೋದಳು. ಅಡುಗೆಮನೆಯಲ್ಲಿ ಅಮ್ಮ ಬರ್ನಡೆಟ್ ಮೀನು ಕೊಯ್ಯುತ್ತಿದ್ದಳು. ಲಯನೆಲ್ ವಿಡಿಯೋ ಕಾಲ್ ಮಾಡಿ, ಮೊಬೈಲನ್ನು ತನ್ನ ಕಂಪ್ಯೂಟರಿಗೆ ತಿರುಗಿಸಿಟ್ಟು ಆಡತೊಡಗಿದ. ಮೊದಲ ಬಾಗಿಲು, ಎರಡನೆಯದು. ಸಿಪಾಯಿ ಮೂರನೆಯದನ್ನು ತಳ್ಳಿದ.

"ಇಲ್ಲಿ ಎಂತದೂ ಇಲ್ಲ ಲವಿ," ಎಂದ ಲಯನೆಲ್. "ತೋಟ ಉಂಟು. ಬಾತುಕೋಳಿ ಉಂಟು."

ಲವಿನಾ ಅವನಿಂದ ಕೊನೆಯವರೆಗೂ ಆಡಿಸಿದಳು. ಕಪ್ಪು ಮನೆ ಎಲ್ಲಿಯೂ ಬರಲಿಲ್ಲ. ಸಮಾಧಾನವಾಗುವ ಬದಲು ಅವಳ ಗಲಿಬಿಲಿ ಇನ್ನಷ್ಟು ಹೆಚ್ಚಿತು. ಇಬ್ಬರೂ ಕಂಡದ್ದು ಹಾಗಾದರೆ ಏನು?

ಬರ್ನಡೆಟ್ ಕೈ ತೊಳೆದು ಹೊರಗೆ ಬಂದಳು. ಮಕ್ಕಳು ಚಿಕ್ಕವರಿದ್ದಾಗ ಅವಳು ಆಸ್ಪತ್ರೆಯಲ್ಲಿ ನರ್ಸ್, ಮನೆ ಸೇರುವಾಗ ಕತ್ತಲಾಗುತ್ತಿತ್ತು. "ಆ ಕ್ಯಾಸೆಟ್ ಹಾಳು ಇತ್ತು. ಆ ಮೂರನೇ ಬಾಗಿಲಿಗೆ ಬಂದರೆ ಟಿ.ವಿ. ಕಪ್ಪಾಗ್ತಿತ್ತು," ಎಂದಳು. "ನೀವಿಬ್ಬರು ಲೈಟ್ ಸಹ ಹಾಕದೆ, ಆ ಕಪ್ಪು ಟಿ.ವಿ. ನೋಡಿಕೊಂಡು ಬಟನ್ ಒತ್ತಿಕೊಂಡು ಇರ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಕರೆಯಲಿಕ್ಕೆ ನನಗೇ ಹೆದರಿಕೆ ಆಗ್ತಿತ್ತು."

ಲಯನೆಲ್ ಮೊಬೈಲನ್ನು ತನ್ನ ಮುಖದ ಕಡೆ ತಿರುಗಿಸಿದ. ಹಾಗಾದರೆ ಆ ಕೆಂಪು ಬೆಳಕು ಕಿಟಕಿಯಿಂದ ಬಂದದ್ದು ಎಂದ. ಮನೆಯಿಂದ ಕಾಣುವ ತೈಲ ರಿಫೈನರಿಯ ಚಿಮಣಿಯ ಬೆಂಕಿ ಎದ್ದಾಗಲೆಲ್ಲ ಟಿ.ವಿ.ಯ ಗಾಜಿನಲ್ಲಿ ಅದರ ಪ್ರತಿಬಿಂಬ ಬೀಳುತ್ತಿತ್ತು. ಬಾಗಿಲಲ್ಲಿ ನಿಂತ ಅಮ್ಮನದೂ ಬೀಳುತ್ತಿತ್ತು. ಅಪ್ಪ ದೂರ, ಅಮ್ಮ ಇನ್ನೂ ಬಂದಿಲ್ಲ, ಬರುತ್ತಾಳೋ ಇಲ್ಲವೋ. ಆ ಹೆದರಿಕೆಯಲ್ಲಿ ಮಿಕ್ಕಿದ್ದೆಲ್ಲವನ್ನೂ ಮಕ್ಕಳೇ ಕಟ್ಟಿಕೊಂಡಿದ್ದರು.

ಗೇಮ್ ಬಿಡುಗಡೆಯಾಯಿತು. ಯಾರೂ ಕಳ್ಳಿ ಎನ್ನಲಿಲ್ಲ. ಹಳೆಯ ಕಾಲದ ಗೇಮುಗಳಲ್ಲಿದ್ದಂಥ ಹೊಸತನ ಇದರಲ್ಲಿದೆ ಎಂದು ಹಲವರು ಬರೆದರು. ದೀಕ್ಷಿತ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಲವಿನಾಳಿಗೆ ನಗು ಬಂತು: ಹಳೆಯ ಗೇಮಿನಲ್ಲಿ ಇದ್ದದ್ದು ಬಾತುಕೋಳಿ.

ಆ ವಾರವೇ ಸುಜಿತ್ ಅವಳ ಮೇಜಿನ ಬಳಿ ಬಂದ. "ಇದೇ ಥರದ್ದು ಇನ್ನೊಂದು ಮಾಡುವ, ಲವಿನಾ."

"ನನ್ನ ಹತ್ತಿರ ಇನ್ನೊಂದು ಉಂಟೋ ಇಲ್ವೋ ಗೊತ್ತಿಲ್ಲ," ಎಂದಳು.

ಅವನು ತಮಾಷೆ ಎಂದುಕೊಂಡು ನಕ್ಕು ಹೋದ. ಅವಳು ಕುಳಿತೇ ಇದ್ದಳು. ಸಿಕ್ಕಿಬೀಳುವ ಭಯ ಹೋಗಿತ್ತು. ತನ್ನೊಳಗೆ ಇದ್ದದ್ದು ಆ ಒಂದೇ ಮನೆಯಾಗಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.