ಮೊನ್ನೆಯ ನೀರು ಮತ್ತು ನನ್ನ ಹುಕುಮು

೧೯೪೧ರ ಬೇಸಿಗೆಯಲ್ಲಿ ನಾನು ಗೋಕಾಕದಲ್ಲಿ ನಳದ ನೀರಿನ ಓವರ್ಸಿಯರ್ ಆಗಿದ್ದೆ. ಹೊಳೆ ಇಳಿದು ಪಂಪಿಗೆ ನೀರು ಸಾಲದಾಯಿತು. ದಿನಾ ಬಿಡುತ್ತಿದ್ದ ನೀರನ್ನು ದಿನ ಬಿಟ್ಟು ದಿನ ಬಿಡುವುದೆಂದು ಠರಾಯಿಸಿದವನು ನಾನೇ. ಪೋಲು ಮಾಡಿದವರ ನಳ ಕತ್ತರಿಸುವುದಾಗಿ ಡಂಗುರವನ್ನೂ ಹೊಡೆಸಿದೆ. ಅರ್ಧಕ್ಕರ್ಧ ಉಳಿತಾಯವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆದದ್ದು ತದ್ವಿರುದ್ಧ. ನೀರು ಬಿಟ್ಟ ದಿನ ಊರಿನ ನೀರಿನ ಟಾಕಿ ಮೊದಲಿಗಿಂತ ಬೇಗ ಬರಿದಾಗುತ್ತಿತ್ತು. ಕೆಳಗಿನ ಓಣಿಗಳು ಒಟ್ಟಿಗೆ ನಳ ತೆರೆದರೆ ಏರಿನ ಮೇಲಿನ ಜಾಗಕ್ಕೆ ಪ್ರೆಶರ್ ಸಿಗುವುದಿಲ್ಲ. ಹೆರಿಗೆ ದವಾಖಾನೆ ಇದ್ದದ್ದು ಆ ಏರಿನ ಮೇಲೆಯೇ. ಪೈಪು ಸೋರುತ್ತಿದೆಯೆಂದು ರಸ್ತೆ ಅಗೆಸಿದೆ. ಕಳ್ಳ ಜೋಡಣೆ ಹುಡುಕಿದೆ. ಸಿಟ್ಟಿಗೆ ನಾಲ್ಕು ಮನೆಯ ನಳ ಕತ್ತರಿಸಿದೆ. ಏನೂ ಉಪಯೋಗವಾಗಲಿಲ್ಲ.

ಮೂರನೆಯ ವಾರ, ನೀರು ಬಿಡುವ ದಿನ ಬೆಳಗ್ಗೆ ದವಾಖಾನೆಯ ನರ್ಸಬಾಯಿ ನನ್ನ ಬಾಗಿಲಿಗೇ ಬಂದರು.

"ಸಾಹೇಬ್ರ, ಕಲ್ಲೋಳಿಯಿಂದ ಚೊಚ್ಚಲ ಹೆರಿಗಿಗೆ ಒಬ್ಬಾಕಿ ಬಂದಾಳ. ಹೊತ್ತ ಹತ್ರ ಬಂದೈತಿ. ಕೈ ತೊಳ್ಯಾಕ ಸುದ್ದಾ ನೀರಿಲ್ಲ. ಉಗುಳ ಹಚ್ಚಿ ತೊಳಕೊಳ್ಳೇನ್ರಿ?"

ಕೆಳಗಿನ ಓಣಿಯ ವಾಲ್ವ್ ಮುಚ್ಚಿ ನೀರನ್ನು ಮೇಲಕ್ಕೆ ತಳ್ಳಬೇಕೆಂದು ಓಡಿದೆ. ಓಣಿಗೆ ಕಾಲಿಟ್ಟರೆ ಏನು ನೋಡಲಿ! ಮನೆಮನೆಯ ಹೆಂಗಸರು ತುಂಬಿದ ಕೊಡ ಹೊರತಂದು ಗಟಾರಕ್ಕೆ ಸುರಿಯುತ್ತಿದ್ದರು. ನಳಕ್ಕೆ ಇನ್ನೂ ನೀರೇ ಬಂದಿರಲಿಲ್ಲ. ನನ್ನ ಮೈಯೆಲ್ಲ ಉರಿಯಿತು.

"ಏನ ನಡಸೀರಿ ಇದು?" ಎಂದು ಅರಚಿದೆ.

ಮೊದಲ ಮನೆಯ ಮುದುಕಿ ಗಂಗವ್ವ ನನ್ನನ್ನೇ ಹುಚ್ಚನೆಂಬಂತೆ ನೋಡಿದಳು. "ಮೊನ್ನಿ ನೀರ್ರಿ, ತಂಗಳಾಗ್ಯಾವು. ಹೊಸಾ ನೀರ ಬರೂ ಹೊತ್ತಿಗೆ ಹಳೇವು ಚೆಲ್ಲಬೇಕಲ್ರಿ."

"ಇಷ್ಟೆಲ್ಲಾ ಯಾಕ ತುಂಬಿಟ್ಟಿದ್ದಿ, ಯವ್ವಾ?"

"ದಿನಾ ಬರ್ತಿದ್ದಾಗ ಎಲ್ಡ ಕೊಡ ಸಾಕಾಗ್ತಿದ್ವು. ನಾಳಿ ಇಲ್ಲಂತ ನೀವ ಡಂಗುರಾ ಹೊಡಿಸೀರಿ. ಮನಿಯಾಗಿನ ಗಿಂಡಿ ಸೈತ ತುಂಬೇವಿ!"

ಪೋಲಿಗೆ ದಾರಿ ಮಾಡಿಕೊಟ್ಟವನು ನಾನೇ ಎಂದು ಆಗ ತಿಳಿಯಿತು. ತಿಳಿದರೂ ಕೂಗುವುದನ್ನು ಬಿಡಲಿಲ್ಲ. "ದವಾಖಾನಿಯೊಳಗ ಒಬ್ಬಾಕಿ ಹೆರಾಕತ್ತಾಳ, ಹನಿ ನೀರಿಲ್ಲ. ನೀವಿಲ್ಲಿ ಗಟಾರಕ್ಕ ಸುರೀತೀರಿ!"

ಗಂಗವ್ವನ ಕೈ ಅಲ್ಲೇ ನಿಂತಿತು. "ಇದನ್ನ ಯಾಕ ಡಂಗುರದಾಗ ಹೇಳಲಿಲ್ರಿ? ನಳಾ ಕೊಯ್ತೇವಿ ಅಂದ್ರಿ. ಹೆರೂ ಹೆಣ್ಮಗಳ ಸುದ್ದಿ ಎತ್ತಲಿಲ್ಲ." ಆಮೇಲೆ ಓಣಿಯ ಕಡೆ ತಿರುಗಿ ಕೂಗಿದಳು: "ಚೆಲ್ಲಬ್ಯಾಡ್ರೇ! ಕಾಸಿದ್ರ ತಂಗಳ ಎಲ್ಲಿ ಉಳೀತೈತಿ? ಹೊರ್ರಿ ದವಾಖಾನಿಗೆ!"

ನಾನು ವಾಲ್ವ್ ತಿರುಗಿಸಿ ಏರು ಹತ್ತುವಷ್ಟರಲ್ಲಿ ಓಣಿಯವರು ಹೊತ್ತು ತಂದ ನೀರು ಅಲ್ಲಿ ಹಂಡೆಯಲ್ಲಿ ಕುದಿಯುತ್ತಿತ್ತು. ನರ್ಸಬಾಯಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದೊಳಗೆ ಹೆಣ್ಣು ಮಗು ಅತ್ತಿತು, ತಾಯಿಯೂ ಉಳಿದಳು.

ಮರುದಿನದಿಂದ ದಿನಾ ನೀರು ಬಿಟ್ಟೆ, ಆದರೆ ಅರ್ಧ ತಾಸು ಮಾತ್ರ. ಕಾರಣವನ್ನೂ ಡಂಗುರದಲ್ಲಿ ಸಾರಿಸಿದೆ. ಯಾರೂ ನಾಳೆಗೆಂದು ತುಂಬಿಡಲಿಲ್ಲ, ಏರಿನ ನಳಕ್ಕೆ ನೀರು ಹತ್ತಿತು. ಮುಂದೆ ಮೂಡಲಗಿ, ಹುಕ್ಕೇರಿಗೆ ವರ್ಗವಾದಾಗಲೂ ಹುಕುಮು ಬರೆಯುವ ಮೊದಲು ಬೆಳಗ್ಗೆ ಓಣಿಯಲ್ಲಿ ನಿಂತು, ಹೆಂಗಸರು ನೀರು ತುಂಬುವುದನ್ನು ನೋಡುತ್ತಿದ್ದೆ.

ಆ ವಾರದ ವರದಿಯಲ್ಲಿ ಮಾತ್ರ ಕೊರತೆಗೆ ಕಾರಣ 'ಜನರ ನಿಷ್ಕಾಳಜಿ' ಎಂದೇ ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಜನರಿಗೆ ಹೆದರಿಕೆ ಹಾಕುವ ಮೊದಲು ಕಾರಣ ಹೇಳಬೇಕು. ಇಷ್ಟು ಸಣ್ಣ ಮಾತು ಕಲಿಯಲು ನಾನು ಪರರ ಮಗಳೊಬ್ಬಳ ಜೀವ ಒತ್ತೆ ಇಟ್ಟಿದ್ದೆ.